ಶಾಮಿಯಾನದವನ ಹಗ್ಗ, ನನ್ನ ಹೆಗಲು

ನನ್ನ ಅಂಗಿಗಳೆಲ್ಲ ಎಡ ಹೆಗಲಿನ ಹತ್ತಿರ ಮೊದಲು ಸವೆಯುತ್ತಿದ್ದವು. ಅಣ್ಣ ಕೈ ಇಡುತ್ತಿದ್ದ ಜಾಗ ಅದು. ಹೀಗೆ ಶುರುಮಾಡಿದರೆ ಓದುವವರಿಗೆ ಇಷ್ಟವಾಗುತ್ತದೆ ಎಂದು ಬರೆದೆ. ನಿಜ ಹೇಳಬೇಕೆಂದರೆ ನನ್ನ ಅಂಗಿಗಳು ಎಲ್ಲರ ಅಂಗಿಗಳಂತೆ ಕಾಲರಿನಲ್ಲೇ ಸವೆಯುತ್ತಿದ್ದವು. ನೆನಪಿಗೆ ಇಂಥದೊಂದು ಚಟವಿದೆ, ಇಲ್ಲದ ಕಡೆ ತೂತು ತೋರಿಸುತ್ತದೆ. ಕೈ ಮಾತ್ರ ಇತ್ತು. ಅದರ ಭಾರ ಈಗಲೂ ಗೊತ್ತು.

ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಅಣ್ಣನ ಕಣ್ಣು ಹೋಯಿತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಅವನು ಯಾವಾಗಲೂ ಹೀಗೆಯೇ ಇದ್ದವನು, ಮತ್ತು ನಾನು ಅವನಿಗೆ ದಾರಿ ತೋರಿಸುವುದಕ್ಕೆಂದೇ ಬಂದವನು. ಹುಣಸೂರಿನ ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವ ಕಡೆ ಅಣ್ಣನದೊಂದು ಪೆಟ್ಟಿ ಅಂಗಡಿ ಇದೆ. ಬೀಡಿ, ಬಿಸ್ಕತ್ತು, ಶಾಂಪೂ ಪೊಟ್ಟಣ, ಎಲೆ ಅಡಿಕೆ. ಬೆಳಿಗ್ಗೆ ಅವನನ್ನು ಅಲ್ಲಿ ಬಿಟ್ಟು, ತಾಲ್ಲೂಕು ಕಚೇರಿ ಹತ್ತಿರ ಇರುವ ನನ್ನ ಡಿಟಿಪಿ ಅಂಗಡಿಗೆ ಹೋಗುತ್ತಿದ್ದೆ. ಸಂಜೆ ಅವನನ್ನು ಮನೆಗೆ ಕರೆತರುತ್ತಿದ್ದೆ. ಓಣಿಯವರು ನಮ್ಮಿಬ್ಬರನ್ನೂ ಸೇರಿಸಿ ಒಂದೇ ಹೆಸರಿನಿಂದ ಕರೆಯುತ್ತಿದ್ದರು.

ಇನ್ನೊಂದು ಕಡೆಗೂ ಕರೆದೊಯ್ಯುತ್ತಿದ್ದೆ. ಮತಗಟ್ಟೆಗೆ. ಕಣ್ಣು ಕಾಣದವರ ಜೊತೆ ಒಬ್ಬರು ಒಳಗೆ ಹೋಗಬಹುದು ಎಂಬ ನಿಯಮವಿದೆ. ಜೊತೆಗಾರ ಗುಟ್ಟು ಕಾಯುತ್ತೇನೆಂದು ಸಹಿ ಹಾಕಬೇಕು. ಅವನ ಬಲಗೈ ತೋರುಬೆರಳಿಗೂ ಶಾಯಿ ಹಚ್ಚುತ್ತಾರೆ. ರಟ್ಟಿನ ಮರೆಯ ಹಿಂದೆ ಅಣ್ಣ ನನ್ನ ಕಿವಿಯಲ್ಲಿ ಒಂದು ಹೆಸರು ಹೇಳುತ್ತಿದ್ದ. ಅವನ ಉಸಿರಿನಲ್ಲಿ ಎಲೆ ಅಡಿಕೆಯ ವಾಸನೆ ಇರುತ್ತಿತ್ತು. ನಾನು ಗುಂಡಿ ಒತ್ತುತ್ತಿದ್ದೆ, ಅವನು ಹೇಳಿದ್ದನ್ನೇ. ಹುಣಸೂರಿನಲ್ಲಿ ಅಣ್ಣನ ಓಟು ಯಾರಿಗೆಂದು ತಿಳಿದವನು ನಾನೊಬ್ಬನೇ. ಪ್ರತಿ ಸಲವೂ ಯಾರಾದರೂ ಕೇಳುತ್ತಿದ್ದರು. ಹೇಳುವುದಿಲ್ಲ ಎನ್ನುವಾಗ ನನಗೊಂದು ಸುಖ ಸಿಗುತ್ತಿತ್ತು. ಈ ಸುಖ ನನ್ನಿಂದ ಹೇಗೆ ಹೋಯಿತು, ಅದನ್ನು ಉಳಿಸಿಕೊಳ್ಳಲು ನಾನು ಎಷ್ಟು ಒದ್ದಾಡಿದೆ ಎಂಬುದಷ್ಟೇ ಇಲ್ಲಿ ಬರೆಯಬೇಕೆಂದಿರುವುದು.

ಕಿತ್ತುಕೊಂಡವನು ಶಾಮಿಯಾನದವನು. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಮದುವೆ, ಬೀಗರೂಟ, ತಿಥಿ ಎಲ್ಲಕ್ಕೂ ಅವನದೇ ಪೆಂಡಾಲು, ಅವನದೇ ಕುರ್ಚಿ, ಅವನದೇ ಸೀರಿಯಲ್ ಸೆಟ್ಟು. ಪಿರಿಯಾಪಟ್ಟಣ, ಕೆ.ಆರ್. ನಗರದಿಂದಲೂ ಅವನಿಗೆ ಕರೆ ಬರುತ್ತದೆ. ನಗರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ಪಕ್ಷೇತರನಾಗಿ ನಿಂತ. ಕರಪತ್ರ ಮಾಡಿಸಲು ನನ್ನ ಅಂಗಡಿಗೆ ಬಂದು, ಕುರ್ಚಿ ಎಳೆದುಕೊಂಡು, ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತ.

ನಾನು ಎಲ್ಲ ಅಭ್ಯರ್ಥಿಗಳ ಕರಪತ್ರಕ್ಕೂ ಹಾಕುವ ಸಾಲುಗಳು ಮೊದಲೇ ತಯಾರಿರುತ್ತವೆ. ರಸ್ತೆ, ಚರಂಡಿ, ಕುಡಿಯುವ ನೀರು, ಕೊನೆಗೆ ‘ಅಂಗವಿಕಲ ಬಂಧುಗಳ ಕಣ್ಣೀರು ಒರೆಸುವೆ’. ಅಲ್ಲಿಗೆ ಬಂದಾಗ ಅವನು ಬೆರಳಿಟ್ಟ.

“ಇದ್ಯಾರ್ಲಾ ಬರ್ದಿದ್ದು?”

“ಎಲ್ರಿಗೂ ಇದೇ ಹಾಕೋದು.”

“ನಿಮ್ಮಣ್ಣ ಯಾವಾಗ್ಲಾ ಅತ್ತಿದ್ದು? ಅವನು ಬೀಡಿ ಕೊಡಕಿಲ್ಲ ಓಗು ಅಂದಾಗ ನಾನೇ ಅತ್ತಿದೀನಿ ಅವನ ಮುಂದೆ. ತೆಗಿ ಅದ್ನ.”

ತೆಗೆದೆ. ಆ ಜಾಗಕ್ಕೆ ಅವನು ಹೇಳುತ್ತಾ ಹೋದ, ನಾನು ಹೊಡೆಯುತ್ತಾ ಹೋದೆ. ನಗರಸಭೆ ಕಚೇರಿ ಮೆಟ್ಟಿಲಿಗೆ ಇಳಿಜಾರು ಆಗಬೇಕು, ಬರೀ ಸಿಮೆಂಟು ಸುರಿದು ಕೈತೊಳೆದುಕೊಳ್ಳುವುದಲ್ಲ, ಗಾಲಿಕುರ್ಚಿಯಲ್ಲಿ ಬಂದವರು ಯಾರನ್ನೂ ಕರೆಯದೆ ಹತ್ತುವಂತಿರಬೇಕು. ಆ ಇಳಿಜಾರಿನ ಬಾಯಿಗೆ ಬೈಕು ನಿಲ್ಲಿಸಬಾರದು. ಪಿಂಚಣಿ ಕೇಳಲು ಬಂದವರನ್ನು ಮಹಡಿಗೆ ಕರೆಯಬಾರದು, ಸಾಹೇಬರೇ ಕೆಳಗಿಳಿದು ಬರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಬಂತೆಂದು ಮೈಕಿನಲ್ಲಿ ಕೂಗಬೇಕು.

“ಮೈಕು ನಾನೇ ಕೊಡ್ತೀನಿ ಅಂತ ಸೇರ್ಸು. ಬಾಡಿಗೆ ಬೇಡ.”

“ಅದು ಆಮಿಷ ಆಯ್ತದೆ.”

“ಅಂಗಾದ್ರೆ ಬುಡು. ಇದೊಂದು ಬರ್ಕೊ. ಕಣ್ ಕಾಣ್ದೋರು ಅವರ ಓಟು ಅವರ ಕೈಲೇ ಒತ್ಬೇಕು. ಮಿಶಿನ್ನಲ್ಲಿ ಅವ್ರಿಗೋಸ್ಕರ ಮುಟ್ಟಿ ಓದೋ ಚುಕ್ಕಿ ಬೇರೆ ಮಾಡವ್ರಂತೆ.”

ಕೀಬೋರ್ಡಿನ ಮೇಲೆ ನನ್ನ ಕೈ ನಿಂತಿತು. ಅಥವಾ ನಿಂತಿತು ಎಂದು ಆಮೇಲೆ ಅಂದುಕೊಂಡೆನೋ. ಸಾಲು ಮಾತ್ರ ತಪ್ಪಿಲ್ಲದೆ ಅಚ್ಚಾಯಿತು.

ಇವನಿಗೆ ಈ ವಿಚಾರಗಳು ಎಲ್ಲಿಂದ ಬಂದವು ಎಂದು ಊರಿನವರಿಗೆ ಆಶ್ಚರ್ಯ. ಅವನ ಮನೆಯಲ್ಲಿ ಅಂಥವರು ಯಾರೂ ಇಲ್ಲ. ಅವನೇ ಹೇಳುವ ಕತೆಯೊಂದಿದೆ. ಮದುವೆಮನೆಯೊಂದರಲ್ಲಿ, ಕಾಲಿಲ್ಲದ ಹೆಂಗಸೊಬ್ಬರನ್ನು ಫೋಟೋ ತೆಗೆಸಲೆಂದು ಅವನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಎತ್ತಿಕೊಂಡು ವೇದಿಕೆಗೆ ಹತ್ತಿಸಿದರಂತೆ. ಅರ್ಧದಲ್ಲಿ ಕುರ್ಚಿಯ ಕಾಲು ಮುರಿಯಿತು. ಹೆಂಗಸು ಬಿದ್ದರು. ಎದ್ದು ಕೂತವರೇ ಇವನನ್ನು ನೋಡಿ, “ಕುರ್ಚಿ ನಿಂದಾ? ಹಲಗೆ ಇಲ್ವಾ ನಿನ್ನತ್ರ?” ಎಂದರಂತೆ. ಅಂದಿನಿಂದ ಅವನು ಪೆಂಡಾಲಿನ ಸಾಮಾನಿನ ಜೊತೆ ವೇದಿಕೆಗೆ ಇಳಿಜಾರು ಮಾಡಲು ಎರಡು ಉದ್ದ ಹಲಗೆ ಕಳಿಸುತ್ತಾನೆ, ಕೇಳಿದರೂ ಕೇಳದಿದ್ದರೂ. ನನಗೆ ಅವನು ಇದನ್ನು ಒಮ್ಮೆ ಹ್ಯಾಂಡ್‌ಪೋಸ್ಟಿನ ಛತ್ರದಲ್ಲಿ ಆಯಿತೆಂದು ಹೇಳಿದ, ಇನ್ನೊಮ್ಮೆ ಕಟ್ಟೆಮಳಲವಾಡಿಯಲ್ಲಿ ಎಂದ. ಊರು ಬದಲಾದದ್ದನ್ನು ಹಿಡಿದುಕೊಂಡು ಕತೆಯೇ ಸುಳ್ಳೆಂದು ಅಣ್ಣನ ಮುಂದೆ ವಾದಿಸಿದೆ.

ಅಣ್ಣ ಕೇಳಿದ್ದು ಒಂದೇ ಮಾತು. “ಹಲಗೆ ಇರೋದು ಸುಳ್ಳಾ?”

ಹಲಗೆ ಇತ್ತು. ನಾನೇ ನೋಡಿದ್ದೆ.

ಪ್ರಚಾರ ಶುರುವಾದ ಮೇಲೆ ಅವನು ದಿನಾ ಅಣ್ಣನ ಪೆಟ್ಟಿ ಅಂಗಡಿ ಮುಂದೆ ಠಿಕಾಣಿ ಹೂಡಿದ. ಸಂಜೆ ನಾನು ಕರೆತರಲು ಹೋದಾಗ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿರುತ್ತಿದ್ದರು. ನಾನು ಬಂದದ್ದು ಗೊತ್ತಾದ ಕೂಡಲೇ ನಗು ನಿಲ್ಲುತ್ತಿತ್ತು. ನಿಲ್ಲುತ್ತಿರಲಿಲ್ಲ ಎಂದು ಅಣ್ಣ ಈಗ ಹೇಳುತ್ತಾನೆ. ಅವನ ಪ್ರಕಾರ ನಾನು ಬಂದಾಗ ಅವರು ನನಗೂ ಆ ಜೋಕು ಮತ್ತೆ ಹೇಳಿದರಂತೆ, ನಾನು ನಗಲಿಲ್ಲವಂತೆ. ಎರಡನ್ನೂ ಬರೆದಿಟ್ಟಿದ್ದೇನೆ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಹಗ್ಗ. ಪೆಂಡಾಲಿಗೆ ಕಟ್ಟುವ ದಪ್ಪ ಹಗ್ಗವನ್ನು ನಮ್ಮ ಬಾಗಿಲ ಚೌಕಟ್ಟಿನಿಂದ ಹಿಡಿದು, ಮನೆಗಳ ಕಿಟಕಿ ಸರಳು, ಲೈಟುಕಂಬ, ನಲ್ಲಿಯ ಪೈಪು ಎಲ್ಲಕ್ಕೂ ಬಿಗಿದು, ಸೊಂಟದೆತ್ತರಕ್ಕೆ ಅಣ್ಣನ ಅಂಗಡಿವರೆಗೂ ಶಾಮಿಯಾನದವನು ಎಳೆದಿದ್ದ. ತಿರುವಿದ್ದ ಕಡೆ ಒಂದು ಗಂಟು. ಚರಂಡಿ ಮೇಲಿನ ಕಲ್ಲು ಬರುವ ಕಡೆ ಜೋಡಿ ಗಂಟು.

“ಅಣ್ಣೋ, ಇಡ್ಕೊಂಡ್ ಬಾ. ಬರೀ ಇಡ್ಕೊಂಡ್ ಬಾ,” ಎಂದು ಆ ತುದಿಯಿಂದ ಕೂಗಿದ.

ಅಣ್ಣ ಹೊಸಿಲಲ್ಲಿ ನಿಂತು ಹಗ್ಗ ಮುಟ್ಟಿದ. ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ಅಭ್ಯಾಸದಿಂದ ಹೆಗಲು ಸ್ವಲ್ಪ ತಗ್ಗಿಸಿಯೂ ಆಗಿತ್ತು. ಅವನು ಹಗ್ಗ ಹಿಡಿದುಕೊಂಡು ಹೊರಟುಬಿಟ್ಟ. ಜೋಡಿ ಗಂಟು ಸಿಕ್ಕಾಗ ನಿಂತು, ಕಾಲಿನಿಂದ ಕಲ್ಲು ತಡವಿ, ದಾಟಿದ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಒಂದು ಸಲ ಎಡವಲಿ ಎಂದು ನಾನು ಅಂದುಕೊಂಡೆ. ಬೀಳುವುದು ಬೇಡ, ಎಡವಿದರೆ ಸಾಕು. ಎಡವಲಿಲ್ಲ.

ಮಾರನೆಯ ದಿನ ದೇವರೇ ನನ್ನ ಕಡೆ ಬಂದ ಹಾಗಾಯಿತು. ಹಗ್ಗದ ಉದ್ದಕ್ಕೂ ಬಟ್ಟೆ ಒಣಹಾಕಿದ್ದರು. ಓಣಿಯಲ್ಲಿ ಅಷ್ಟು ಬಿಗಿಯಾಗಿ, ಅಷ್ಟು ಉದ್ದಕ್ಕೆ ಹಗ್ಗ ಕಟ್ಟಿದರೆ ಇನ್ನೇನು ಮಾಡುತ್ತಾರೆ? ಓಟಿಗೆ ನಿಂತವನು ಹೆಂಗಸರಿಗೋಸ್ಕರ ಬಟ್ಟೆ ಹಗ್ಗ ಕಟ್ಟಿಸಿಕೊಟ್ಟಿದ್ದಾನೆ ಎಂದೇ ಬಹಳ ಮನೆಗಳಲ್ಲಿ ತಿಳಿದುಕೊಂಡಿದ್ದರು. ಸೀರೆ, ಲಂಗ, ಪಂಚೆ, ಸ್ಕೂಲ್ ಯೂನಿಫಾರ್ಮು. ಅಣ್ಣ ಕೈ ಚಾಚಿದ ಕಡೆಯೆಲ್ಲ ಒದ್ದೆ.

ಮೂಲೆಮನೆ ಅಜ್ಜಿ ಶಾಮಿಯಾನದವನನ್ನು ಬಾಯ್ತುಂಬ ಹರಸಿದಳು. “ಒಳ್ಳೇ ಕೆಲ್ಸ ಮಾಡ್ದೆ ಕಣ್ ಮೊಗ. ಮನೆ ಮೇಲೆ ಅತ್ತಿ ಒಣಗಾಕಿ ಮಂಡಿ ಸತ್ತೋಗಿತ್ತು. ಓಟು ನಿಂಗೇಯ.”

ಅವನು ತಲೆ ಕೆರೆದುಕೊಂಡ. ನನ್ನನ್ನು ನೋಡಿದ. ನಾನು ಖುಷಿಯನ್ನು ಮುಚ್ಚಿಡಲಿಲ್ಲ.

“ತೆಗೀರಿ ಅನ್ನು,” ಎಂದೆ. “ಕಣ್ ಕಾಣ್ದೋರ ಹಕ್ಕು ಅಂತ ಕರಪತ್ರ ಹೊಡ್ಸಿದೀಯಲ್ಲ, ಹೇಳು ಅಜ್ಜಿಗೆ.”

“ಲೇ, ಬಟ್ಟೆ ಒಗೆಯೋರ ಓಟು ಜಾಸ್ತಿ ಕಣ್ಲಾ,” ಎಂದು ಪಿಸುಗುಟ್ಟಿದ. ನಾಚಿಕೆಯಿಂದ ಅವನ ಕಿವಿ ಕೆಂಪಗಾಗಿತ್ತು. ಅವನ ವಿಚಾರಗಳ ಉದ್ದ ಎಷ್ಟೆಂದು ಆ ದಿನ ತಿಳಿಯಿತು ಎಂದು ನಾನು ಬರೆದುಕೊಂಡೆ. ಆ ಸಾಲು ನನಗೆ ತುಂಬ ಇಷ್ಟವಾಗಿತ್ತು.

ಅಣ್ಣ ಮಾತ್ರ ನನ್ನ ಹೆಗಲು ಕೇಳಲಿಲ್ಲ. ಒದ್ದೆ ಸೀರೆಯೊಂದನ್ನು ಪಕ್ಕಕ್ಕೆ ಸರಿಸಿ, ಅಲ್ಲೇ ನಿಂತು ಗಟ್ಟಿಯಾಗಿ ಕೂಗಿದ.

“ಅಜ್ಜಿ! ನಾನು ಅಂಗ್ಡಿಗೋದ್ಮೇಲೆ ಆಕ್ಕೊಳಿ, ಸಂಜೆ ನಾನ್ ಬರೋ ಒತ್ಗೆ ತೆಕ್ಕೊಳಿ. ಮಧ್ಯಾಹ್ನ ಎಲ್ಲಾ ಅಗ್ಗ ನಿಮ್ದೇ.”

“ಅಷ್ಟೇ ತಾನೆ? ಆಗ್ಲೇಳು,” ಎಂದಳು ಅಜ್ಜಿ. “ನೀನು ಬರೋವಾಗ ಒಂದ್ ಕೂಗಾಕು.”

ಅಷ್ಟೇ. ಇಷ್ಟು ಸಣ್ಣ ಮಾತಿನಲ್ಲಿ ಮುಗಿಯಿತು. ಆಮೇಲಿನಿಂದ ಸಂಜೆ ಹೊತ್ತು ಓಣಿಯುದ್ದಕ್ಕೂ “ಅವ್ನು ಬತ್ತಾವ್ನೆ, ಬಟ್ಟೆ ತೆಕ್ಕೊಳ್ರೇ” ಎಂಬ ಕೂಗು ಏಳುತ್ತಿತ್ತು. ಅಣ್ಣ ನಡುವೆ ನಿಂತು ಒಬ್ಬೊಬ್ಬರ ಹತ್ತಿರವೂ ಮಾತಾಡಿಕೊಂಡು ಬರುತ್ತಿದ್ದ. ನನ್ನ ಜೊತೆ ನಡೆಯುತ್ತಿದ್ದಷ್ಟು ವರ್ಷ ಯಾರೂ ಅವನನ್ನು ನಿಲ್ಲಿಸಿ ಮಾತಾಡಿಸಿರಲಿಲ್ಲ. ಎಲ್ಲರೂ ನನ್ನನ್ನೇ ಕೇಳುತ್ತಿದ್ದರು, “ಅಣ್ಣ ಚೆನ್ನಾಗವ್ನಾ?” ಅವನು ಪಕ್ಕದಲ್ಲೇ ಇರುತ್ತಿದ್ದ. ಉತ್ತರ ನಾನು ಕೊಡುತ್ತಿದ್ದೆ.

ಹಗ್ಗ ಉಳಿಯಿತು, ಸರಿ. ಬೆಳಿಗ್ಗೆ ಸಂಜೆಯ ನಡಿಗೆ ಹೋಯಿತು. ನನಗೆ ಉಳಿದದ್ದು ಮತಗಟ್ಟೆ. ಅದೊಂದನ್ನು ಬಿಡಬಾರದೆಂದು ಹಲ್ಲು ಕಚ್ಚಿದೆ.

ಶಾಮಿಯಾನದವನು ಅದಕ್ಕೂ ಬಂದ. ಪೆಂಡಾಲಿನ ಲೈಟುಗಳಿಗೆ ಬಳಸುವ ಹಳೆಯ ಸ್ವಿಚ್ ಬೋರ್ಡೊಂದಕ್ಕೆ ಕಾಲಿಂಗ್ ಬೆಲ್ಲಿನ ಗುಂಡಿಗಳನ್ನು ಸಾಲಾಗಿ ಕೂರಿಸಿ, ಅಣ್ಣನ ಅಂಗಡಿಯ ಹಲಗೆ ಮೇಲೆ ಇಟ್ಟ. ಯಾವ ಗುಂಡಿ ಒತ್ತಿದರೂ ಕುಯ್ಯ್ ಎನ್ನುತ್ತಿತ್ತು.

“ಅಣ್ಣೋ, ಚುಕ್ಕಿ ಓದಾಕೆ ನಿಂಗ್ ಬರಲ್ಲ, ಬುಡು. ಬೆರಳಲ್ಲಿ ಎಣಿಸ್ಕೊ. ಮೇಲಿಂದ ಮೂರ್ನೇದು ನಾನು.”

ಅಣ್ಣ ಗುಂಡಿಗಳ ಮೇಲೆ ಬೆರಳಾಡಿಸಿದ. “ಮೊದಲ್ನೇದು ಯಾರು?”

“ಅದ್ಯಾಕೆ ನಿಂಗೆ?”

“ಎಲ್ಲಾರ ಎಸ್ರೂ ಯೇಳು. ನಿಂದೊಂದೇ ಯೇಳುದ್ರೆ, ನೀನೇ ನನ್ ಬೆರಳ್ ಇಡ್ಕೊಂಡ್ ಒತ್ತುಸ್ದಂಗೆ.”

ನಾನು ಬಿಸ್ಕತ್ತಿನ ಡಬ್ಬಿಯ ಪಕ್ಕ ನಿಂತು ನೋಡುತ್ತಿದ್ದೆ. ಶಾಮಿಯಾನದವನು ಒಬ್ಬೊಬ್ಬರ ಹೆಸರನ್ನೂ, ಚಿಹ್ನೆಯನ್ನೂ ಹೇಳಿದ. ಎದುರಾಳಿಯ ಹೆಸರು ಬಂದಾಗ ಹಲ್ಲು ನೋವಿದ್ದವನಂತೆ ಹೇಳಿದ. ಅಣ್ಣ ಪ್ರತಿ ಹೆಸರಿಗೂ ಒಮ್ಮೆ ಕುಯ್ಯ್ ಎನಿಸಿದ. ಮುಂದಿನ ದಿನಗಳಲ್ಲಿ ಅಂಗಡಿಗೆ ಬಂದವರೆಲ್ಲ ಅದನ್ನು ಒತ್ತಿ ಆಡಿದರು. ಎದುರಾಳಿಯ ಕಡೆಯವನೊಬ್ಬ ಜಗಳ ತೆಗೆಯಲು ಬಂದು, ತನ್ನ ನಾಯಕನ ಗುಂಡಿ ಸರಿಯಾದ ಜಾಗದಲ್ಲೇ ಇರುವುದನ್ನು ನೋಡಿ, ಒಂದು ಕಟ್ಟು ಬೀಡಿ ಕೊಂಡು ಹೋದ.

ಆ ವಾರ ಒಂದು ರಾತ್ರಿ ಊಟಕ್ಕೆ ಕೂತಾಗ ನಾನು ಸಹಜವಾಗಿ ಕೇಳಿದಂತೆ ಕೇಳಿದೆ. “ಭಾನುವಾರ ಓಟು ಹಾಕೋಕೆ ಎಷ್ಟೊತ್ಗೆ ಹೋಗೋಣ?”

“ಬೆಳಿಗ್ಗೇನೇ ಓಗಾಣ.”

ಹೋಗೋಣ ಎಂದನಲ್ಲ, ಅಷ್ಟಕ್ಕೇ ಒಂದು ತುತ್ತು ಹೆಚ್ಚು ಉಂಡೆ.

ಮತಗಟ್ಟೆ ನಮ್ಮ ಓಣಿಯ ಹಿಂದಿನ ಶಾಲೆಯಲ್ಲಿ. ಶಾಲೆಗೆ ಹಗ್ಗವಿಲ್ಲ. ಹಾಗಾಗಿ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಬಂದ. ಅವತ್ತು ನಾನು ಬೇಕೆಂದೇ ನಿಧಾನವಾಗಿ ನಡೆದೆ. ಸರದಿಯಲ್ಲಿ ಜನ ನಮಗೆ ಜಾಗ ಬಿಟ್ಟರು. ಒಳಗೆ ಅಧಿಕಾರಿ ಅಣ್ಣನನ್ನು ನೋಡಿದವರೇ ನನ್ನ ಕಡೆ ತಿರುಗಿದರು.

“ಜೊತೆಗೆ ಬಂದಿರೋದು ನೀವಾ? ಬನ್ನಿ, ಇಲ್ಲಿ ಸಹಿ ಹಾಕಿ. ಬೇಗ.”

ಪೆನ್ನು ತೆಗೆದುಕೊಂಡೆ. ಅಣ್ಣನ ಅಂಗಡಿಯ ಪಾಠ, ಶಾಮಿಯಾನದವನ ಗುಂಡಿಗಳು, ಕರಪತ್ರದ ಸಾಲು, ಎಲ್ಲವೂ ಈ ಒಂದು ಮೇಜಿನ ಮುಂದೆ ಸೋತುಹೋಯಿತು ಎನಿಸಿತು. ಇಲ್ಲಿ ಯಾರೂ ಅಣ್ಣನನ್ನು ಕೇಳುವುದಿಲ್ಲ. ಇಲ್ಲಿ ನಾನೇ.

“ಸಾ,” ಎಂದ ಅಣ್ಣ. “ಜೊತೆ ಬೇಡ. ನಾನೇ ಒತ್ತೀನಿ.”

“ನಿಮಗೆ ಗೊತ್ತಾಗುತ್ತೇನ್ರೀ? ತಪ್ಪು ಒತ್ತಿದ್ರೆ ಮತ್ತೆ ಕೊಡೋಕಾಗಲ್ಲ.”

“ತಪ್ಪು ಒತ್ತೋರು ಕಣ್ಣಿರೋರೂ ಅವ್ರೆ ಬುಡಿ ಸಾ.”

ಹಿಂದೆ ನಿಂತಿದ್ದವರು ನಕ್ಕರು. ಅಧಿಕಾರಿಯೂ ನಕ್ಕರು. ಅವರು ನನ್ನ ಕೈಯಿಂದ ಪೆನ್ನು ವಾಪಸು ತೆಗೆದುಕೊಂಡು, ನನ್ನನ್ನು ಗೋಡೆ ಪಕ್ಕಕ್ಕೆ ನಿಲ್ಲಿಸಿದರು. ಮೇಜಿನ ಅಂಚು ಹಿಡಿದುಕೊಂಡು ಅಣ್ಣ ರಟ್ಟಿನ ಮರೆಗೆ ಹೋದ. ಕೆಳಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಎಷ್ಟು ಹೊತ್ತೋ ಏನೂ ಆಗಲಿಲ್ಲ. ಅಣ್ಣ ಆಗ ನಗುತ್ತಿದ್ದ ಎಂದು ನನ್ನ ನೆನಪು ಹೇಳುತ್ತದೆ. ನನಗೆ ಅವನ ಮುಖ ಕಾಣುತ್ತಲೇ ಇರಲಿಲ್ಲ, ಆದ್ದರಿಂದ ಈ ನೆನಪನ್ನು ನಾನು ನಂಬುವುದಿಲ್ಲ. ಅಳಿಸಿಯೂ ಇಲ್ಲ. ಆಮೇಲೆ ಯಂತ್ರ ಉದ್ದಕ್ಕೆ ಕೂಗಿತು.

ಹೊರಗೆ ಬಂದಾಗ, ಪೊಲೀಸರು ಎಳೆದಿದ್ದ ಬಿಳಿ ಗೆರೆಯ ಆಚೆ ಟೀ ಅಂಗಡಿಯಲ್ಲಿ ಶಾಮಿಯಾನದವನು ಕಾಯುತ್ತಿದ್ದ. ಹೊಸ ಬಿಳಿ ಅಂಗಿ, ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು.

“ಅಣ್ಣೋ, ಒತ್ತುದ್ಯಾ? ನೀನೇ?”

“ನಾನೇ.”

“ಭಲೇ! ಮತ್ತೆ, ಅಂದ್ಕೊಂಡಿದ್ದ ಕಡೇನೇ ಬಿತ್ತಾ?”

“ಅಂದ್ಕೊಂಡಿದ್ದ ಕಡೇನೇ ಬಿತ್ತು.”

“ಅಲ್ಲ, ಯಾವ್ ಕಡೆ ಅಂತ…”

“ಥೂ ನಿನ್ನ,” ಎಂದು ಅಣ್ಣ ನಕ್ಕ. “ಊರಿಗೆಲ್ಲಾ ಭಾಸಣ ಬಿಗ್ದು ಈಗ ಕೇಳ್ತೀಯಲ್ಲ. ಟೀ ಯೇಳು.”

ಅಣ್ಣ ಬೆಂಚಿನ ಮೇಲೆ ಕೂತ. ಶಾಮಿಯಾನದವನು ನನ್ನ ಮೊಣಕೈ ಹಿಡಿದು, ನಿಂತಿದ್ದ ಆಟೋದ ಹಿಂದಕ್ಕೆ ಎಳೆದುಕೊಂಡು ಹೋದ.

“ಲೇ, ಬರೋವಾಗ ನಿಂಗ್ ಯೇಳಿರ್ತಾನೆ. ಯಾರ್ಗೆ?”

“ನಂಗೊತ್ತು,” ಎಂದೆ. “ಹೇಳಲ್ಲ.”

ಎಷ್ಟೋ ದಿನದ ಮೇಲೆ ನನ್ನ ನಾಲಿಗೆಗೆ ರುಚಿ ಬಂದಿತ್ತು. ಅವನ ಮುಖ ಇಳಿದುಹೋಯಿತು. ನಾನು ಇನ್ನೂ ಸ್ವಲ್ಪ ಹೊತ್ತು ನೋಡಬೇಕೆಂದುಕೊಂಡೆ, ಆದರೆ ಅವನು ಜಗಳಕ್ಕೆ ಬರಲಿಲ್ಲ. ನೆಲ ನೋಡಿಕೊಂಡು ಹೇಳಿದ.

“ನಂಗೊತ್ತಿತ್ತು ಬುಡ್ಲಾ. ಅಗ್ಗ ಕಟ್ಟುದ್ರೂ ಅಷ್ಟೆ, ಬೋರ್ಡ್ ಮಾಡುದ್ರೂ ಅಷ್ಟೆ. ಸಂಜೆ ನಿನ್ ಕಾಲ್ ಸದ್ದು ದೂರದಲ್ಲಿ ಕೇಳ್ತಿದ್ದಂಗೆ ನನ್ ಮಾತ್ ಅರ್ಧಕ್ಕೇ ನಿಲ್ಲುಸ್ಬುಡ್ತಿದ್ದ ನಿಮ್ಮಣ್ಣ. ‘ತಮ್ಮ ಬಂದ’ ಅಂತಿದ್ದ. ನನ್ ಕತೆ ಮುಗಿಯಾಕೂ ಬುಡ್ತಿರ್ಲಿಲ್ಲ. ಒಟ್ಟೆ ಉರಿಯೋದು ನಂಗೆ.”

ಇದು ನನಗೆ ಗೊತ್ತಿರಲಿಲ್ಲ. ನಿಂತ ನಗುವಿಗೆ ಇಂಥದೊಂದು ಕಾರಣ ಇರಬಹುದೆಂದು ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಬೆಂಚಿನ ಕಡೆಯಿಂದ ಅಣ್ಣನ ದನಿ ಬಂತು.

“ಅವ್ನಿಗೇನೂ ಗೊತ್ತಿಲ್ಲ ಕಣ್ಲಾ! ಸುಳ್ ಬುಡ್ತಾವ್ನೆ!”

ಟೀ ಅಂಗಡಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಶಾಮಿಯಾನದವನು ನನ್ನನ್ನು ನೋಡಿದ. “ನಿಂಗೂ ಯೇಳಿಲ್ವಾ?”

“ಇಲ್ಲ.”

ಅವನ ಮುಖದ ಮೇಲೆ ಎಂಥ ನೆಮ್ಮದಿ ಹರಡಿತೆಂದರೆ, ಅದನ್ನು ನೋಡಿ ನನಗೆ ಮತ್ತೆ ಉರಿಯಿತು.

ಅವನು ಸೋತ. ಎದುರಾಳಿ ಗೆದ್ದ. ನಗರಸಭೆಯ ಮೆಟ್ಟಿಲುಗಳು ಇದ್ದ ಹಾಗೆಯೇ ಇವೆ. ಅವನು ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಿ, ಮೊದಲ ಮೆಟ್ಟಿಲ ಹತ್ತಿರ ನಿಂತು, ಮಹಡಿಯಲ್ಲಿರುವವರನ್ನು ಹೆಸರು ಹಿಡಿದು ಕೆಳಗೆ ಕರೆಯುತ್ತಾನೆ. ಕೆಲವರು ಇಳಿದು ಬರುತ್ತಾರೆ. ಅದಕ್ಕೆ ಬೇಕಾದ ಅರ್ಜಿಗಳನ್ನು ಹೊಡೆಸಲು ನನ್ನ ಅಂಗಡಿಗೆ ಬಂದು, ಅದೇ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಅಣ್ಣನನ್ನು ನಾವಿಬ್ಬರೂ ಬೇರೆ ಬೇರೆಯಾಗಿ ಕೇಳಿದ್ದೇವೆ. ಇಬ್ಬರಿಗೂ ಅವನು ಒಂದೇ ಉತ್ತರ ಕೊಟ್ಟಿದ್ದಾನೆ, ಎಲೆ ಅಡಿಕೆ ಅಗಿಯುತ್ತಾ, ಏನೂ ಹೇಳದೆ.

ಮೊನ್ನೆ ಅರ್ಜಿ ಪ್ರಿಂಟಾಗುವಾಗ ಶಾಮಿಯಾನದವನು ಹೇಳಿದ. “ಮುಂದಿನ್ ಸಲ ನಿಮ್ಮಣ್ಣನ್ನ ಕೇಳಾಕೆ ಓಗ್ಬಾರ್ದು ಕಣ್ಲಾ. ತಪ್ಪಾಯ್ತದೆ.”

“ನಾನೂ ಕೇಳಲ್ಲ,” ಎಂದೆ.

ಪ್ರಿಂಟರು ಹಾಳೆ ಎಳೆದುಕೊಂಡಿತು. ಅವನು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದ.

“ಆದ್ರೂ, ನಿಂಗೇನ್ ಅನ್ಸ್ತದೆ?”